ದೋಷ ಮರದ್ದೋ, ಮನುಷ್ಯನದೋ?

ಮಳೆಗಾಲವೆಂದರೆ ನಮ್ಮ ತುಳುನಾಡಿನಲ್ಲಿ ಮರ ಬೀಳುವ ಕಾಲವೂ ಹೌದು. ಆಟಿ ತಿಂಗಳ ಗಾಳಿಮಳೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಮುತ್ತ ಎಲ್ಲಿಯಾದರೂ ಒಂದು ಮರ ದಾರಿಗೆ ಅಡ್ಡಲಾಗಿ ಮಲಗುವುದು, ವಾಹನಗಳು ಎರಡೂ ಕಡೆ ಸಾಲುಗಟ್ಟಿ ನಿಲ್ಲುವುದು, ಊರಿನವರು ಕತ್ತಿ ಕೊಡಲಿಗಳನ್ನು ಹಿಡಿದು ಬಂದು ದಾರಿ ಬಿಡಿಸುವುದು, ಇವೆಲ್ಲ ನಮಗೆ ವರ್ಷವರ್ಷದ ಅನುಭವ. ಬಹುಪಾಲು ಮರಗಳು ಯಾರನ್ನೂ ನೋಯಿಸದೆ ಬೀಳುತ್ತವೆ. ಎಲ್ಲೋ ಒಂದು ಮಾತ್ರ ಹಾಗಾಗುವುದಿಲ್ಲ. ಅದರ ಅಡಿಯಲ್ಲಿ ಆ ಕ್ಷಣದಲ್ಲಿ ಒಬ್ಬ ಮನುಷ್ಯನಿರುತ್ತಾನೆ.

ಅಂಥ ಸುದ್ದಿ ಬಂದ ದಿನ ಬಸ್ಸಿನಲ್ಲಿ, ಹೋಟೆಲಿನಲ್ಲಿ, ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಾನು ಎರಡು ಬಗೆಯ ಮಾತುಗಳನ್ನು ಕೇಳುತ್ತೇನೆ. "ಗ್ರಹಚಾರ ಮಾರಾಯರೇ, ಒಂದು ನಿಮಿಷ ಹಿಂದುಮುಂದಾಗಿದ್ದರೆ ಬದುಕುತ್ತಿದ್ದ" ಎಂಬುದು ಒಂದು. "ಇಲಾಖೆಯವರಿಗೆ ಕಣ್ಣಿಲ್ಲವೇ? ಎಷ್ಟು ದಿನದಿಂದ ಅದು ವಾಲಿಕೊಂಡಿತ್ತು!" ಎಂಬುದು ಇನ್ನೊಂದು. ಮೊದಲನೆಯ ಮಾತು ಹೊಣೆಯನ್ನು ಯಾರ ಮೇಲೂ ಹೊರಿಸುವುದಿಲ್ಲ. ಎರಡನೆಯದು ಪೂರ್ತಿಯಾಗಿ ಬೇರೊಬ್ಬರ ಮೇಲೆ ಹೊರಿಸಿಬಿಡುತ್ತದೆ. ಆಡುವವನಿಗೆ ಎರಡರಲ್ಲೂ ಸಮಾಧಾನವುಂಟು. ಆದರೆ ಎರಡರಲ್ಲೂ ವಿಚಾರಕ್ಕೆ ಎಡೆಯಿಲ್ಲ.

ದೋಷವೆಂಬ ಶಬ್ದದಲ್ಲಿ ಒಂದು ವಿಶೇಷವುಂಟು. ವಸ್ತುವಿನಲ್ಲಿರುವ ಕೊರತೆಯನ್ನೂ ನಾವು ದೋಷವೆನ್ನುತ್ತೇವೆ, ಮನುಷ್ಯನ ನಡತೆಯ ತಪ್ಪನ್ನೂ ದೋಷವೆನ್ನುತ್ತೇವೆ. ಕಣ್ಣಿನ ದೋಷ, ಕಾವ್ಯದ ದೋಷ ಎಂದ ಬಾಯಿಯಲ್ಲೇ ನಾಗದೋಷ, ಋಣದೋಷ ಎನ್ನುತ್ತೇವೆ. ಮರ ಬಿದ್ದು ಮನುಷ್ಯ ಸತ್ತಾಗ ಈ ಎರಡು ಅರ್ಥಗಳೂ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತವೆ. ಮರದಲ್ಲಿ ದೋಷವಿತ್ತು, ಪೊಟರೆಯೋ ಬಿರುಕೋ ಬೇರುಕೊಳೆಯೋ ಇತ್ತು ಎನ್ನೋಣ. ಅದು ಯಾವಾಗ, ಯಾವ ಕಾರಣದಿಂದ ಒಬ್ಬ ಮನುಷ್ಯನ ದೋಷವಾಗುತ್ತದೆ? ಮರವನ್ನು ಬಲ್ಲವರೇ ಅದರ ದೋಷದ ವಿಷಯದಲ್ಲಿ ಭಿನ್ನಾಭಿಪ್ರಾಯ ಹೇಳಿದಾಗ ಏನು ಮಾಡಬೇಕು? ಇದು ವಕೀಲರಿಗೆ ಬಿಟ್ಟ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ನನಗೆ ಇದು ಎಲ್ಲರೂ ಯೋಚಿಸಬೇಕಾದ ನೀತಿಯ ಪ್ರಶ್ನೆಯಾಗಿ ಕಾಣುತ್ತದೆ.

ಮೊದಲು ನಮ್ಮ ನೆಲವನ್ನು ನೋಡೋಣ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಅಡಿಯಲ್ಲಿ ಮುರಕಲ್ಲು, ಮೇಲೆ ತೆಳುವಾದ ಮಣ್ಣು. ಬೇರು ಆಳಕ್ಕಿಳಿಯಲಾರದ ಕಡೆ ಅಗಲಕ್ಕೆ ಹರಡಿ ಮರವನ್ನು ಹಿಡಿದುಕೊಳ್ಳುತ್ತದೆ. ಬಂಟ್ವಾಳದಿಂದ ಬೆಳ್ತಂಗಡಿಯ ಮೇಲೆ ಚಾರ್ಮಾಡಿ ಘಾಟಿಗೆ ಹೋಗುವ 73ನೆಯ ರಾಷ್ಟ್ರೀಯ ಹೆದ್ದಾರಿಯಾಗಲಿ, ಮಂಗಳೂರಿನಿಂದ ಮೂಡುಬಿದಿರೆಯ ಮೂಲಕ ಕಾರ್ಕಳದ ಕಡೆಗೆ ಹೋಗುವ 169ನೆಯ ಹೆದ್ದಾರಿಯಾಗಲಿ, ಗುಡ್ಡದ ಮಗ್ಗುಲನ್ನು ಕಡಿದು ಮಾಡಿದ ದಾರಿಗಳು. ಅವುಗಳನ್ನು ಅಗಲಗೊಳಿಸುವಾಗ ಎಷ್ಟೋ ಹಳೆಯ ಮರಗಳು ಹೋದವು. ಹೀಗೆ ದಾರಿ ಅಗಲವಾಗುವಲ್ಲಿ ಉಳಿದ ಮರಗಳ ಕಥೆಯೇ ಬೇರೆ. ಧರೆ ಕಡಿದಾಗ ಒಂದು ಮಗ್ಗುಲಿನ ಬೇರು ಹೋಗುತ್ತದೆ. ಚರಂಡಿ ತೋಡಿದಾಗ ಇನ್ನಷ್ಟು ಹೋಗುತ್ತದೆ. ವಿದ್ಯುತ್ ತಂತಿಗಾಗಿ ಒಂದೇ ಕಡೆಯ ಕೊಂಬೆಗಳನ್ನು ಸವರಿದರೆ ಭಾರವೆಲ್ಲ ಇನ್ನೊಂದು ಕಡೆಗೆ ಬೀಳುತ್ತದೆ. ಮರ ಅಂದೇ ಬೀಳುವುದಿಲ್ಲ. ಕಡಿದ ಬೇರಿನ ಗಾಯದಿಂದ ಕೊಳೆ ನಿಧಾನವಾಗಿ ಒಳಗೆ ಹೊಕ್ಕು, ಐದೋ ಹತ್ತೋ ಮಳೆಗಾಲ ಕಳೆದ ಮೇಲೆ ಒಂದು ದಿನ ಬೀಳುತ್ತದೆ. ಅಷ್ಟರಲ್ಲಿ ಧರೆ ಕಡಿಸಿದವನು ವರ್ಗವಾಗಿ ಹೋಗಿರುತ್ತಾನೆ, ಗುತ್ತಿಗೆದಾರನ ಬಿಲ್ಲು ಪಾವತಿಯಾಗಿರುತ್ತದೆ. ಕೊನೆಗೆ ಗಾಳಿಯ ಮೇಲೆ ಅಪವಾದ ಬರುತ್ತದೆ.

ಇನ್ನು ಮರದ ಒಳಗಿನ ವಿಚಾರ. ಪೊಟರೆ ಬಿದ್ದ ಮರವೆಲ್ಲ ಸಾಯುವ ಮರ, ಬೀಳುವ ಮರ ಎಂಬ ನಂಬಿಕೆ ನಮ್ಮಲ್ಲಿ ಸಾಮಾನ್ಯ. ಇದು ಸರಿಯಲ್ಲ. ಮರದ ಜೀವ ಓಡಾಡುವುದು ತೊಗಟೆಗೆ ಹತ್ತಿರದ ಹೊರವಲಯದಲ್ಲಿ. ನಡುವಿನ ಕೆಚ್ಚು ಬಹುಮಟ್ಟಿಗೆ ಜೀವವಿಲ್ಲದ ಆಧಾರ. ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೂ ಸೀಳಿ ನೋಡಿ, 1970ರ ದಶಕದಲ್ಲಿ ಒಂದು ಮಾತನ್ನು ಸ್ಥಾಪಿಸಿದರು. ಪ್ರಾಣಿಯ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಮರವು ಗಾಯದ ಸುತ್ತ ಗೋಡೆ ಕಟ್ಟಿ, ಕೊಳೆತ ಭಾಗವನ್ನು ಒಳಗೇ ಮುಚ್ಚಿಟ್ಟು, ಹೊರಗೆ ಹೊಸ ಮರವನ್ನು ಬೆಳೆಸುತ್ತದೆ. ಆದುದರಿಂದ ಒಳಗೆ ಟೊಳ್ಳಾದ ಮರವೂ ಹೊರಗೋಡೆಯ ಬಲದಿಂದ ಬಹುಕಾಲ ನಿಲ್ಲಬಲ್ಲದು. ಟೊಳ್ಳಾದದ್ದು ಬಲಹೀನವಾಗಲೇಬೇಕೆಂದಿಲ್ಲವೆಂಬುದಕ್ಕೆ ಬಿದಿರಿಗಿಂತ ಬೇರೆ ಸಾಕ್ಷಿ ಬೇಡ. ಮೂಡುಬಿದಿರೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೂ ಇಲ್ಲ. ಅವರ ಊರಿನ ಹೆಸರಿನಲ್ಲೇ ಬಿದಿರುಂಟು.

ಹಾಗಾದರೆ ಹೊರಗೋಡೆ ಎಷ್ಟು ದಪ್ಪವಿದ್ದರೆ ಸಾಕು? ಇಲ್ಲಿಂದ ತಜ್ಞರ ಜಗಳ ಮೊದಲಾಗುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಕ್ಲೌಸ್ ಮ್ಯಾಥೆಕ್ ಎಂಬವರು ಮುರಿದ ಮರಗಳನ್ನೂ ನಿಂತ ಮರಗಳನ್ನೂ ಅಳೆದು 1990ರ ದಶಕದಲ್ಲಿ ಒಂದು ಸೂತ್ರವನ್ನು ಪ್ರಚಾರಕ್ಕೆ ತಂದರು. ಕಾಂಡದ ತ್ರಿಜ್ಯದಲ್ಲಿ ಹತ್ತಕ್ಕೆ ಮೂರು ಪಾಲಿಗಿಂತ ಕಡಿಮೆ ಗಟ್ಟಿಮರ ಉಳಿದಿದ್ದರೆ ಮುರಿಯುವ ಭಯ ಹೆಚ್ಚು ಎಂಬುದು ಅದರ ಸಾರ. ಅನೇಕ ದೇಶಗಳ ವೃಕ್ಷತಜ್ಞರು ಇದನ್ನು ಕೈಮರದಂತೆ ಹಿಡಿದುಕೊಂಡರು. ಇತರರು ಒಪ್ಪಲಿಲ್ಲ. ದಪ್ಪ ಕಾಂಡದ, ಎತ್ತರ ಕಡಿಮೆಯಾದ ಮುದಿಮರಗಳು ಇದಕ್ಕಿಂತ ತೆಳುವಾದ ಗೋಡೆಯಿಂದಲೂ ನಿಲ್ಲುತ್ತವೆ. ಗಾಳಿಗೆ ತಲೆಯೊಡ್ಡಿ ಎತ್ತರಕ್ಕೆ ಬೆಳೆದ ಮರ ಇದಕ್ಕಿಂತ ದಪ್ಪ ಗೋಡೆಯಿದ್ದೂ ಮುರಿಯಬಹುದು. ಎಲ್ಲ ಮರಗಳಿಗೂ ಒಂದೇ ಅಳತೆಗೋಲು ಸಲ್ಲದು ಎಂದರು. ಶಬ್ದದ ಅಲೆಗಳನ್ನು ಕಳುಹಿಸಿ ಕಾಂಡದ ಒಳಚಿತ್ರ ಬರೆಯುವ ಯಂತ್ರಗಳಿವೆ, ಸೂಜಿಯಂಥ ಬೈರಿಗೆಯನ್ನು ಇಳಿಸಿ ಗಟ್ಟಿತನವನ್ನು ಅಳೆಯುವ ಯಂತ್ರಗಳಿವೆ. ಆ ಬೈರಿಗೆಯ ತೂತೇ ಮರ ಕಟ್ಟಿಕೊಂಡ ಗೋಡೆಯನ್ನು ಒಡೆದು ಕೊಳೆಗೆ ದಾರಿ ಮಾಡಿಕೊಡಬಹುದೆಂದು ಹೇಳುವವರೂ ಇದ್ದಾರೆ. ನಮ್ಮೂರ ಮರ ಕಡಿಯುವವನು ಯಂತ್ರವಿಲ್ಲದೆ ಕೊಡಲಿಯ ಹಿಂಬದಿಯಿಂದ ತಟ್ಟಿ, ಕಿವಿಗೊಟ್ಟು, "ಇದು ಒಳಗೆ ಹೋಗಿದೆ" ಎನ್ನುತ್ತಾನೆ. ಅವನ ಮಾತು ಬಹಳ ಸಲ ಸರಿಯಿರುತ್ತದೆ. ಆದರೆ ಒಳಗೆ ಹೋದದ್ದು ಬೀಳುತ್ತದೆಯೇ ಎಂಬುದಕ್ಕೆ ಅವನ ಕೊಡಲಿಯೂ ಉತ್ತರ ಹೇಳದು.

ಬೆಳ್ತಂಗಡಿಯ ದಾರಿಯಲ್ಲಿ ಒಂದು ಧೂಪದ ಮರವನ್ನು ಕಲ್ಪಿಸಿಕೊಳ್ಳೋಣ. ಅದರ ಬುಡದಲ್ಲಿ ಬಸ್ಸು ನಿಲ್ಲುತ್ತದೆ. ಶಾಲೆಯ ಮಕ್ಕಳು, ಬೀಡಿಯ ಬುಟ್ಟಿ ಹಿಡಿದ ಹೆಂಗಸರು ಅದರ ನೆರಳಲ್ಲಿ ಕಾಯುತ್ತಾರೆ. ಬುಡದಲ್ಲಿ ಒಂದು ಅಣಬೆ ಎದ್ದಿದೆ, ಮೇಲೆ ಒಂದು ಕವಲಿನಲ್ಲಿ ಬಿರುಕಿದೆ. ಒಬ್ಬ ತಜ್ಞರು ನೋಡಿ, ಕಡಿಯುವುದೇ ಲೇಸು ಎನ್ನುತ್ತಾರೆ. ಇನ್ನೊಬ್ಬರು, ಕೊಂಬೆಯ ಭಾರ ಇಳಿಸಿದರೆ ಇನ್ನೂ ಮೂವತ್ತು ವರ್ಷ ನಿಂತೀತು ಎನ್ನುತ್ತಾರೆ. ಇಬ್ಬರೂ ಓದಿದವರು, ಇಬ್ಬರೂ ಪ್ರಾಮಾಣಿಕರು. ಈಗ ಕಾಗದಕ್ಕೆ ರುಜು ಹಾಕಬೇಕಾದ ಅಧಿಕಾರಿ ಏನು ಮಾಡಬೇಕು?

ಕಾನೂನು ಈ ಅಧಿಕಾರಿಯನ್ನು ಪೂರ್ತಿ ಕೈಬಿಟ್ಟಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯಬಾರದೆಂದು ವಿಧಿಸಿದೆ. ಅನುಮತಿಗೆ ಕಾರಣವಾಗಬಲ್ಲ ಸಂಗತಿಗಳಲ್ಲಿ ಜೀವಕ್ಕೆ ಅಥವಾ ಆಸ್ತಿಗೆ ಅಪಾಯವೆಂಬುದನ್ನೂ ಹೇಳಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಪ್ರಕರಣದಲ್ಲಿ, ಬೀಳುವಂತಿರುವ ಮರದಿಂದ ನೆರೆಯವರಿಗೋ ದಾರಿಹೋಕರಿಗೋ ಅಪಾಯವಿದ್ದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅದರ ಒಡೆಯನಿಗೆ ಆಜ್ಞೆ ಮಾಡಬಹುದೆಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಧಿ 152ನೆಯ ಪ್ರಕರಣವಾಗಿ ಮುಂದುವರಿದಿದೆ. ಈ ವಿಧಿಯ ಮಾತುಗಳನ್ನು ಗಮನಿಸಬೇಕು. ಮರವನ್ನು ತೆಗೆಯುವುದು ಎಂದಷ್ಟೇ ಅದು ಹೇಳಿ ನಿಲ್ಲಿಸಿಲ್ಲ. ತೆಗೆಯುವುದು ಅಥವಾ ಅದಕ್ಕೆ ಆಧಾರ ಕೊಡುವುದು ಎಂದು ಹೇಳಿದೆ. ಆಜ್ಞೆಯೂ ಷರತ್ತಿನದು, ಒಡೆಯನು ಬಂದು ತನ್ನ ಸಮಾಧಾನ ಹೇಳಬಹುದು, ಸ್ಥಳ ಪರಿಶೀಲನೆ ಮಾಡಿಸಿ ತಜ್ಞರ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಮ್ಯಾಜಿಸ್ಟ್ರೇಟರಿಗುಂಟು. ಭಿನ್ನಾಭಿಪ್ರಾಯ ಬರುತ್ತದೆಂಬುದನ್ನು ಕಾನೂನು ಮಾಡಿದವರು ಮೊದಲೇ ಊಹಿಸಿದ್ದರೆಂದು ಇದರಿಂದ ತಿಳಿಯುತ್ತದೆ.

ಮರ ಯಾರದು ಎಂಬ ಪ್ರಶ್ನೆಯೂ ನಮ್ಮ ಜಿಲ್ಲೆಯಲ್ಲಿ ಅಷ್ಟು ಸುಲಭವಲ್ಲ. ಹೆದ್ದಾರಿಯ ಅಂಚಿನ ಮರ ಸರಕಾರದ್ದು, ವರ್ಗದೊಳಗಿನ ಮರ ವರ್ಗದಾರನದು ಎನ್ನಬಹುದು. ಇವೆರಡರ ನಡುವೆ ಕುಮ್ಕಿಯಿದೆ. ಕದೀಂ ವರ್ಗದ ಗಡಿಯಿಂದ 100 ಗಜದವರೆಗಿನ ಸರಕಾರಿ ಜಾಗದಲ್ಲಿ ವರ್ಗದಾರನಿಗೆ ಸೊಪ್ಪು, ತರಗೆಲೆ, ಸೌದೆಗಳ ಸೌಲಭ್ಯವಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಈ ಹಳೆಯ ಸೌಲಭ್ಯಗಳನ್ನು ಉಳಿಸಿದೆ. ಜಾಗ ಸರಕಾರದ್ದು, ಸೊಪ್ಪು ಕೃಷಿಕನದು, ಕೆಳಗಿನ ದಾರಿ ಎಲ್ಲರದು. ಅಲ್ಲಿಯ ಮರವೊಂದು ದಾರಿಯ ಕಡೆಗೆ ವಾಲಿದರೆ ಕಡಿಯುವ ಹಕ್ಕು ಕೃಷಿಕನಿಗಿಲ್ಲ. ಆದರೆ ಸೊಪ್ಪಿಗಾಗಿ ವರ್ಷವರ್ಷವೂ ಅದರ ಬಳಿಗೆ ಹೋಗುವವನು, ಅದು ವಾಲುವುದನ್ನು ಎಲ್ಲರಿಗಿಂತ ಮೊದಲು ಕಾಣುವವನು ಅವನೇ. ಒಡೆತನವಿಲ್ಲದವನಿಗೆ ಹೊಣೆಯಿಲ್ಲವೆಂದು ನ್ಯಾಯಾಲಯ ಹೇಳೀತು. ಕಂಡವನಿಗೆ ತಿಳಿಸುವ ಹೊಣೆಯಾದರೂ ಉಂಟೆಂದು ಮನಸ್ಸಾಕ್ಷಿ ಹೇಳುತ್ತದೆ. ಫಲವುಂಡವನಿಗೆ ಆ ಫಲದ ಮರದೊಡನೆ ಯಾವ ಸಂಬಂಧವೂ ಇಲ್ಲವೆನ್ನಲಾಗದು. ಧೂಪದ ಮರದ ನೆರಳಲ್ಲಿ ಬಸ್ಸು ಕಾಯುವ ನಮ್ಮೆಲ್ಲರಿಗೂ ಈ ಮಾತು ಸ್ವಲ್ಪಮಟ್ಟಿಗೆ ಅನ್ವಯಿಸುತ್ತದೆ.

ಇನ್ನು ನ್ಯಾಯಾಲಯಗಳು ನಡೆದ ದಾರಿ. ಇಂಗ್ಲೆಂಡಿನಲ್ಲಿ 1926ರಷ್ಟು ಹಿಂದೆಯೇ ಒಂದು ತೀರ್ಪು ಬಂದಿತ್ತು. ದಾರಿಯ ಮೇಲೆ ಚಾಚಿದ ಬೀಚ್ ಮರದ ಕೊಂಬೆಯೊಂದು ಬಸ್ಸಿನ ಮೇಲೆ ಮುರಿದುಬಿತ್ತು. ಬಿರುಕು ಹೊರಗಿನಿಂದ ಕಾಣುವಂತಿರಲಿಲ್ಲ, ಆದುದರಿಂದ ಒಡೆಯನಿಗೆ ಹೊಣೆಯಿಲ್ಲವೆಂದು ನ್ಯಾಯಾಲಯ ಹೇಳಿತು. 1947ರಲ್ಲಿ ಲಂಡನ್ನಿನಲ್ಲಿ ನೂರಮೂವತ್ತು ವರ್ಷದ ಎಲ್ಮ್ ಮರವೊಂದು ಕಾರಿನ ಮೇಲೆ ಬಿದ್ದ ಮೊಕದ್ದಮೆ ಪ್ರಭುಗಳ ಸಭೆಯ ತನಕ ಹೋಯಿತು. ಬೇರಿನಲ್ಲಿ ಕೊಳೆಯಿತ್ತು, ಹೊರಗೆ ಅದರ ಗುರುತಿರಲಿಲ್ಲ. ಅಂಥ ಮರದ ತಲೆ ಸವರಬೇಕಾಗಿತ್ತೇ ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿರಲಿಲ್ಲ. ಒಡೆಯರು ಮರವನ್ನು ಪರೀಕ್ಷೆ ಮಾಡಿಸಿರಲಿಲ್ಲ. ಮಾಡಿಸಿದ್ದರೂ ಏನೂ ಕಾಣುತ್ತಿರಲಿಲ್ಲವೆಂಬ ಕಾರಣದಿಂದ ಅವರು ಪಾರಾದರು. ಒಡೆಯನಿಂದ ಬಯಸುವ ತಿಳುವಳಿಕೆ ಪೇಟೆಯ ಸಾಮಾನ್ಯನಿಗಿಂತ ಹೆಚ್ಚಿನದು, ವೃಕ್ಷಶಾಸ್ತ್ರಜ್ಞನಿಗಿಂತ ಕಡಿಮೆಯದು ಎಂಬ ವಿವೇಚನೆಯೂ ಅಲ್ಲಿ ನಡೆಯಿತು. 2007ರಲ್ಲಿ ಅದೇ ದೇಶದ ಫೆಲ್‌ಬ್ರಿಗ್ ಎಂಬ ತೋಟದಲ್ಲಿ ಬೀಚ್ ಮರದ ಕೊಂಬೆ ಮುರಿದು ಶಾಲೆಯ ಮಗುವೊಂದು ಸತ್ತಿತು. ಕವಲಿನ ದೋಷವನ್ನು ಪರೀಕ್ಷಕರು ಗುರುತಿಸಬೇಕಾಗಿತ್ತೇ ಎಂಬ ವಿಷಯದಲ್ಲಿ ಎರಡು ಕಡೆಯ ತಜ್ಞರು ಒಪ್ಪಲಿಲ್ಲ. 2011ರ ತೀರ್ಪು ಪರೀಕ್ಷಕರ ಪರವಾಗಿ ಬಂತು. ಅವರು ಎಚ್ಚರಿಕೆಯಿಂದ ನೋಡಿದ್ದರು; ನೋಡಿ ಮಾಡಿದ ತೀರ್ಮಾನ ಕೊನೆಗೆ ದುಃಖಕ್ಕೆ ಕಾರಣವಾದರೂ ಅದನ್ನು ನಿರ್ಲಕ್ಷ್ಯವೆನ್ನಲಾಗದು ಎಂಬುದು ಅದರ ಭಾವ.

ನಮ್ಮ ದೇಶದ ಮಾತು. ದೆಹಲಿಯ ಚಾಂದನೀ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ತೀರ್ಪು ಕೊಟ್ಟಿತು. ಗೋಪುರಕ್ಕೆ ಎಂಬತ್ತು ವರ್ಷವಾಗಿತ್ತು. ಅಂಥ ಕಟ್ಟಡದ ಆಯುಸ್ಸು ನಲವತ್ತು ನಲವತ್ತೈದು ವರ್ಷವೆಂದು ತಜ್ಞರ ಸಾಕ್ಷ್ಯವಿತ್ತು. ಕಾಣುವ ದೋಷಕ್ಕೆ ಮಾತ್ರವಲ್ಲದೆ ಅಡಗಿದ ದೋಷಕ್ಕೂ ನಗರಸಭೆ ಹೊಣೆ, ಕಾಲಕಾಲಕ್ಕೆ ಪರೀಕ್ಷಿಸುವುದು ಅದರ ಕರ್ತವ್ಯವೆಂದು ನ್ಯಾಯಾಲಯ ಹೇಳಿತು. ಅದೇ ದೆಹಲಿಯಲ್ಲಿ 1964ರಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬರ ತಲೆಯ ಮೇಲೆ ರಸ್ತೆಬದಿಯ ಮರದ ಕೊಂಬೆ ಮುರಿದುಬಿದ್ದು ಅವರು ತೀರಿಕೊಂಡರು. ಮರ ಒಣಗಿ ಸತ್ತಿತ್ತೆಂಬುದು ಸಾಕ್ಷ್ಯದಿಂದ ಗೊತ್ತಾಯಿತು. ನಗರಸಭೆಯ ಹೊಣೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 1999ರಲ್ಲಿ. ಕೊಂಬೆ ಬೀಳಲು ಕ್ಷಣ ಸಾಕು. ಹೊಣೆ ಯಾರದೆಂದು ತೀರಲು ಮೂವತ್ತೈದು ವರ್ಷ ಬೇಕಾಯಿತು.

ಈ ತೀರ್ಪುಗಳನ್ನೆಲ್ಲ ಒಟ್ಟಿಗೆ ನೋಡಿದರೆ ದೋಷದಲ್ಲಿ ಮೂರು ಬಗೆ ಕಾಣುತ್ತದೆ. ಎಲ್ಲರಿಗೂ ಕಾಣುವ ದೋಷ, ಅಂದರೆ ಒಣಗಿದ ಮರ. ನೋಡಿದವನಿಗೆ ಮಾತ್ರ ಕಾಣುವ ದೋಷ, ಅಂದರೆ ಬುಡದ ಅಣಬೆ, ಕವಲಿನ ಬಿರುಕು, ಬೇರಿನ ಮಗ್ಗುಲಲ್ಲಿ ಎದ್ದ ಮಣ್ಣು. ನೋಡಿದರೂ ಕಾಣದ ದೋಷ. ಮೊದಲನೆಯದಕ್ಕೆ ಕ್ಷಮೆಯಿಲ್ಲ, ಮೂರನೆಯದಕ್ಕೆ ಹೊಣೆಯಿಲ್ಲ. ನಡುವಿನದೇ ನೀತಿಯ ನಿಜವಾದ ಕ್ಷೇತ್ರ.

ಇಲ್ಲಿ ಕಾನೂನಿಗೂ ನೀತಿಗೂ ಒಂದು ವ್ಯತ್ಯಾಸವಿದೆ. ಇಬ್ಬರು ಅಧಿಕಾರಿಗಳು, ಇಬ್ಬರೂ ತಮ್ಮ ದಾರಿಯ ಮರಗಳನ್ನು ಒಂದು ದಿನವೂ ನೋಡಲಿಲ್ಲ. ಒಬ್ಬನ ಮರ ನಡುರಾತ್ರಿ ಬರಿದಾದ ದಾರಿಗೆ ಬಿತ್ತು, ಇನ್ನೊಬ್ಬನ ಮರ ಬೆಳಗಿನ ಬಸ್ಸಿನ ಮೇಲೆ ಬಿತ್ತು. ನ್ಯಾಯಾಲಯಕ್ಕೆ ಬರುವವನು ಎರಡನೆಯವನು ಮಾತ್ರ. ಮೊದಲನೆಯವನು ನಿವೃತ್ತನಾಗಿ ಸನ್ಮಾನದ ಶಾಲು ಹೊದ್ದುಕೊಂಡು ಮನೆಗೆ ಹೋಗುತ್ತಾನೆ. ನೀತಿಯ ದೃಷ್ಟಿಯಲ್ಲಿ ಇವರಿಬ್ಬರಲ್ಲಿ ಭೇದವುಂಟೇ?

ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಊರಾದ ಮೂಡುಬಿದಿರೆಯನ್ನು ಜೈನಕಾಶಿಯೆನ್ನುತ್ತಾರೆ. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳನ್ನು ಕಾಪಾಡಿಕೊಂಡು ಬಂದ ಊರು ಅದು. ಜೈನ ದರ್ಶನದಲ್ಲಿ ಮರವೂ ಜೀವ, ಸ್ಪರ್ಶವೊಂದೇ ಇಂದ್ರಿಯವುಳ್ಳ ಏಕೇಂದ್ರಿಯ ಜೀವ. ಆದುದರಿಂದ ಸುಮ್ಮನೆ ಮರ ಕಡಿಯುವುದೂ ಹಿಂಸೆಯೇ. ಆದರೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣ ಹೋಗುವುದನ್ನಷ್ಟೇ ಹೇಳದೆ ಪ್ರಮಾದದ ಮಾತನ್ನೂ ಸೇರಿಸುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ, ಗಮನವಿಲ್ಲದಿರುವುದು. ಕುಂದಕುಂದಾಚಾರ್ಯರ ವಿಚಾರ ಇನ್ನೂ ಮುಂದಕ್ಕೆ ಹೋಗುತ್ತದೆ. ಎಚ್ಚರಗೇಡಿಯಾಗಿ ನಡೆದವನಿಂದ ಜೀವ ಸಾಯದೆ ಉಳಿದರೂ ಅವನು ಹಿಂಸಕನೇ. ಎಚ್ಚರದಿಂದ ನಡೆದವನಿಂದ ಅರಿಯದೆ ಜೀವ ಹೋದರೂ ಅಷ್ಟರಿಂದಲೇ ಅವನಿಗೆ ಬಂಧನವಿಲ್ಲ. ಜೈನ ಮುನಿಗಳು ಮುಂದಿನ ನೆಲವನ್ನು ನೋಡಿ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯ ತತ್ತ್ವವೂ ಇದೇ. ನೋಡುವುದು ಇಲ್ಲಿ ವ್ರತದ ಅಂಗ.

ಈ ದೃಷ್ಟಿಯಿಂದ ನಮ್ಮ ಇಬ್ಬರು ಅಧಿಕಾರಿಗಳಲ್ಲಿ ಭೇದವಿಲ್ಲ. ಒಬ್ಬನ ತಪ್ಪಿಗೆ ಒಂದು ಜೀವ ಬಲಿಯಾಯಿತು, ಇನ್ನೊಬ್ಬನ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೆ. ಲಂಡನ್ನಿನ ಎಲ್ಮ್ ಮರದ ಒಡೆಯರೂ ಕಾನೂನಿನಿಂದ ಪಾರಾದರೇ ಹೊರತು, ನೋಡದೆ ಇದ್ದದ್ದು ಸರಿಯೆಂದು ಅದರಿಂದ ಸಿದ್ಧವಾಗುವುದಿಲ್ಲ. ನೋಡಿದ್ದರೆ ಪ್ರಯೋಜನವಾಗುತ್ತಿತ್ತೇ ಎಂದು ಕಾನೂನು ಕೇಳುತ್ತದೆ. ನೋಡಿದೆಯಾ ಎಂದು ನೀತಿ ಕೇಳುತ್ತದೆ.

ಈಗ ಮತ್ತೆ ಧೂಪದ ಮರದ ಅಡಿಯಲ್ಲಿ ನಿಂತ ಇಬ್ಬರು ತಜ್ಞರ ಕಡೆಗೆ ಬರೋಣ. ಅವರ ಜಗಳವನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಎಳೆಗಳಿವೆ. ಮರದ ಸ್ಥಿತಿ ಏನು ಎಂಬುದು ಒಂದು. ಅದರ ಮೇಲೆ ಯಂತ್ರವೋ ಇನ್ನೊಂದು ಪರೀಕ್ಷೆಯೋ ಬೆಳಕು ಚೆಲ್ಲಬಹುದು. ಎಷ್ಟು ಅಪಾಯವನ್ನು ಸಹಿಸಬಹುದು ಎಂಬುದು ಇನ್ನೊಂದು. ಬಹಳ ಸಲ ಇಬ್ಬರೂ ಮೊದಲನೆಯದರಲ್ಲಿ ಹೆಚ್ಚು ಭಿನ್ನರಾಗಿರುವುದಿಲ್ಲ. ನೂರರಲ್ಲಿ ಒಂದು ಪಾಲು ಬೀಳುವ ಸಂಭವವಿದೆಯೆಂದು ಇಬ್ಬರೂ ಒಪ್ಪಿಯಾರು. ಒಬ್ಬರಿಗೆ ಅದು ಹೆಚ್ಚು, ಇನ್ನೊಬ್ಬರಿಗೆ ಕಡಿಮೆ. ಈ ಎರಡನೆಯ ಎಳೆಯಲ್ಲಿ ವೃಕ್ಷಶಾಸ್ತ್ರಕ್ಕೆ ವಿಶೇಷವಾದ ಅಧಿಕಾರವೇನೂ ಇಲ್ಲ. ಅಪಾಯವನ್ನು ಹೊರುವವರು ಮಕ್ಕಳು, ಬೀಡಿ ಕಟ್ಟುವ ಹೆಂಗಸರು, ಬಸ್ಸಿನ ಚಾಲಕರು. ನೆರಳನ್ನು ಅನುಭವಿಸುವವರೂ ಅವರೇ. ಆ ತೂಕವನ್ನು ಊರು ಮಾಡಬೇಕು, ಊರಿನ ಪರವಾಗಿ ಅಧಿಕಾರಿ ಮಾಡಬೇಕು. ಶಾಸ್ತ್ರದ ಪ್ರಶ್ನೆಯನ್ನು ಊರಿಗೆ ಬಿಡುವುದು ಎಷ್ಟು ತಪ್ಪೋ, ಊರಿನ ಪ್ರಶ್ನೆಯನ್ನು ಶಾಸ್ತ್ರದ ಹಿಂದೆ ಬಚ್ಚಿಡುವುದೂ ಅಷ್ಟೇ ತಪ್ಪು.

ಆದರೆ ಅಧಿಕಾರಿಯ ತಕ್ಕಡಿ ಮೊದಲೇ ಒಂದು ಕಡೆಗೆ ವಾಲಿರುತ್ತದೆ. ಮರವನ್ನು ಉಳಿಸಿ ಅದು ಬಿದ್ದರೆ ಅವನಿಗೆ ವಿಚಾರಣೆ, ಪತ್ರಿಕೆಯಲ್ಲಿ ಹೆಸರು, ಅಮಾನತು. ಗಟ್ಟಿಯಾದ ಮರವನ್ನು ಕಡಿಸಿದರೆ ಅವನನ್ನು ಕೇಳುವವರಿಲ್ಲ. ಕಡಿದ ಮರ ಬೀಳುತ್ತಿರಲಿಲ್ಲವೆಂದು ಯಾರೂ ಸಿದ್ಧಮಾಡಿ ತೋರಿಸಲಾರರು. ಬಿದ್ದ ಮರದ ಪೊಟರೆ ಎಲ್ಲರಿಗೂ ಕಾಣುತ್ತದೆ; ಕಡಿದ ಮರದ ಮುಂದಿನ ನೂರು ವರ್ಷದ ನೆರಳು ಯಾರಿಗೂ ಕಾಣದು. ಹೀಗಾಗಿ ಭಯಪಟ್ಟ ಅಧಿಕಾರಿಗೆ ಎರಡೇ ದಾರಿ ತೋರುತ್ತವೆ: ಎಲ್ಲವನ್ನೂ ಕಡಿಸುವುದು, ಇಲ್ಲವೇ ಕಾಗದವನ್ನು ಇನ್ನೊಂದು ಕಚೇರಿಗೆ ಕಳುಹಿಸುವುದು. ಪಂಚಾಯತಿನಿಂದ ಅರಣ್ಯ ಇಲಾಖೆಗೆ, ಅಲ್ಲಿಂದ ಹೆದ್ದಾರಿಯವರಿಗೆ, ಅಲ್ಲಿಂದ ವಿದ್ಯುತ್ತಿನವರಿಗೆ ಕಾಗದ ಸುತ್ತುತ್ತಿರುವಾಗ ಮಳೆಗಾಲ ಬಂದುಬಿಡುತ್ತದೆ.

ಭಯದಿಂದ ಮರ ಉಳಿಯುವುದೂ ನಮ್ಮಲ್ಲುಂಟು. ನಾಗಬನದ ಮರಕ್ಕೆ ಕೊಡಲಿಯಿಟ್ಟರೆ ನಾಗದೋಷವೆಂಬ ನಂಬಿಕೆ ಎಷ್ಟೋ ಹಳೆಯ ಮರಗಳನ್ನು ಕಾಪಾಡಿದೆ. ಅದಕ್ಕೆ ನಾವು ಕೃತಜ್ಞರಾಗಿರಬೇಕು. ಆದರೆ ಮುಟ್ಟಬಾರದೆಂಬುದು ನೋಡಬಾರದೆಂಬಷ್ಟಕ್ಕೆ ಹೋದರೆ ಅಲ್ಲಿಯೂ ಪ್ರಮಾದವೇ. ನಾಗನ ಭಯದಿಂದ ಉಳಿಸುವುದಾಗಲಿ, ಕೋರ್ಟಿನ ಭಯದಿಂದ ಕಡಿಯುವುದಾಗಲಿ ಮರವನ್ನು ನೋಡಿ ಮಾಡಿದ ತೀರ್ಮಾನವಲ್ಲ.

ಮರ ಬಿದ್ದು ಸತ್ತವರ ಮನೆಯವರಿಗೆ ಸರಕಾರ ಹಣ ಕೊಡುವುದುಂಟು. ಪ್ರಕೃತಿ ವಿಕೋಪವೆಂದು ಲೆಕ್ಕಕ್ಕೆ ಹಿಡಿದರೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ 4 ಲಕ್ಷ ರೂಪಾಯಿ. ದುಡಿಯುವ ಕೈ ಹೋದ ಮನೆಗೆ ಅದು ಬೇಕು, ಬೇಗ ಬೇಕು. ಮೂವತ್ತೈದು ವರ್ಷದ ಮೊಕದ್ದಮೆಗಿಂತ ಅದು ಎಷ್ಟೋ ಮೇಲು. ಆದರೂ ಆ ಹಣ ಬಂದಾಗ ಒಂದು ಪ್ರಶ್ನೆ ಮುಚ್ಚಿಹೋಗುತ್ತದೆ. ವಿಕೋಪವೆಂದು ಬರೆದ ಮೇಲೆ ಬೇರು ಕಡಿದವರಾರು, ಅಣಬೆಯನ್ನು ಕಂಡವರಾರು, ಅರ್ಜಿ ಯಾವ ಮೇಜಿನಲ್ಲಿತ್ತು ಎಂದು ಕೇಳುವವರಿಲ್ಲ. ಸತ್ತವನ ತಾಯಿಗೆ ಹಣದ ಜೊತೆಗೆ ಆ ಉತ್ತರವೂ ಸಲ್ಲಬೇಕಾದದ್ದು. ಗಾಳಿಯೇ ಕಾರಣವಾಗಿದ್ದರೆ ಅದನ್ನಾದರೂ ವಿಚಾರಿಸಿ ಹೇಳಬೇಕು.

ಅಪಾಯವೇ ಇಲ್ಲದ ಮರವನ್ನು ಯಾರೂ ಕೊಡಲಾರರು. ಬ್ರಿಟನ್ನಿನಲ್ಲಿ ಲೆಕ್ಕ ಹಾಕಿದವರು ಮರ ಬಿದ್ದು ಸಾಯುವ ಸಂಭವ ವರ್ಷಕ್ಕೆ ಕೋಟಿಗೆ ಒಬ್ಬರಂತೆ ಎಂದಿದ್ದಾರೆ. ನಮ್ಮ ಮಳೆ, ನಮ್ಮ ಧರೆಗಳ ಲೆಕ್ಕ ಹಾಗೇ ಇರಬೇಕೆಂದಿಲ್ಲ. ಆದರೂ ದಾರಿಯ ಮೇಲಿನ ಇತರ ಅಪಾಯಗಳ ಮುಂದೆ ಮರದ ಅಪಾಯ ಸಣ್ಣದೆಂಬುದನ್ನು ಮರೆಯಬಾರದು. ಸಾಲುಮರಗಳನ್ನೆಲ್ಲ ಉರುಳಿಸಿ ನಿಶ್ಚಿಂತರಾಗುತ್ತೇವೆಂಬುದು ಭ್ರಮೆ.

ಹಾಗಾದರೆ ಆ ಅಧಿಕಾರಿಯಿಂದ ನಾವು ಏನನ್ನು ಕೇಳಬಹುದು? ಮುಂದಾಗುವುದನ್ನು ತಿಳಿದಿರಬೇಕೆಂದು ಕೇಳಲಾಗದು. ಮಳೆಗಾಲಕ್ಕೆ ಮುಂಚೆ, ಜನ ಸೇರುವ ಕಡೆಯ ಮರಗಳನ್ನಾದರೂ ಬಲ್ಲವರಿಂದ ನೋಡಿಸಬೇಕೆಂದು ಕೇಳಬಹುದು. ನೋಡಿದವರು ಏನು ಕಂಡರು, ಏನು ಕಾಣಲಿಲ್ಲ, ಯಾಕೆ ಹೀಗೆ ಹೇಳುತ್ತೇವೆ ಎಂಬುದನ್ನು ಬರೆದಿಡಬೇಕೆಂದು ಕೇಳಬಹುದು. ಇಬ್ಬರು ಒಪ್ಪದಿದ್ದರೆ ಎರಡು ಅಭಿಪ್ರಾಯವನ್ನೂ ಕಡತದಲ್ಲಿ ಉಳಿಸಬೇಕು. ಒಬ್ಬರದನ್ನು ಹರಿದುಹಾಕಿ ಒಮ್ಮತವಿತ್ತೆಂದು ತೋರಿಸುವುದು ಮರಕ್ಕೂ ಮನುಷ್ಯನಿಗೂ ಮಾಡುವ ಮೋಸ. ಕಡಿಯುವುದು, ಬಿಡುವುದು ಎಂಬ ಎರಡರ ನಡುವೆ ದಾರಿಗಳಿವೆಯೇ ಎಂದು ಹುಡುಕಬೇಕು: ಭಾರವಾದ ಕೊಂಬೆಯನ್ನು ಇಳಿಸಬಹುದು, ಊರೆ ಕೊಡಬಹುದು, ಬಸ್ಸಿನ ನಿಲ್ದಾಣವನ್ನೇ ಐವತ್ತು ಹೆಜ್ಜೆ ಆಚೆಗೆ ಸರಿಸಬಹುದು. ಮರವನ್ನು ಸರಿಸಲಾಗದಿದ್ದರೆ ಮನುಷ್ಯರನ್ನು ಸರಿಸಬಹುದೆಂಬುದು ನಮಗೆ ಯಾಕೋ ಬೇಗ ಹೊಳೆಯುವುದಿಲ್ಲ. ಕಡಿಯುವುದೇ ನಿಶ್ಚಯವಾದರೆ ಕಡಿದ ಬುಡವನ್ನೂ ನೋಡಿ ಬರೆದಿಡಬೇಕು. ಒಳಗೆ ಪೊಟರೆಯಿತ್ತೇ, ಗಟ್ಟಿಯಿತ್ತೇ? ತಜ್ಞರ ಊಹೆ ಎಲ್ಲಿ ನಿಜವಾಯಿತು, ಎಲ್ಲಿ ತಪ್ಪಿತು ಎಂಬುದು ತಿಳಿಯಲು ಅದೊಂದೇ ಸುಲಭವಾದ ಪಾಠಶಾಲೆ. ನಾವೋ ಅದನ್ನು ಆ ದಿನವೇ ಲಾರಿಗೆ ತುಂಬಿ ಮಿಲ್ಲಿಗೆ ಕಳುಹಿಸಿಬಿಡುತ್ತೇವೆ.

ಇಷ್ಟನ್ನು ಮಾಡಿದ ಮೇಲೂ ಆ ಧೂಪದ ಮರ ಒಂದು ದಿನ ಬಿದ್ದೀತು, ಅಡಿಯಲ್ಲಿ ಯಾರಾದರೂ ಇದ್ದಾರು. ಆಗ ಆ ಅಧಿಕಾರಿಯ ಬೆನ್ನಿಗೆ ನಿಲ್ಲುವ ಧೈರ್ಯ ಊರಿಗೆ ಇರಬೇಕು. ನೋಡಿ ತಪ್ಪಿದವನನ್ನೂ ನೋಡದೆ ತಪ್ಪಿದವನನ್ನೂ ಒಂದೇ ಕೋಲಿನಿಂದ ಹೊಡೆದರೆ, ಮುಂದೆ ನೋಡುವವರೇ ಇಲ್ಲದಂತಾಗುತ್ತದೆ; ಕಡಿಯುವವರು ಮಾತ್ರ ಉಳಿಯುತ್ತಾರೆ. ಸತ್ತವನ ಮನೆಯವರಿಗೆ ಈ ವಿವೇಕವನ್ನು ಉಪದೇಶಿಸುವ ಹಕ್ಕು ನಮಗಿಲ್ಲ. ಅವರ ಕೋಪ ಅವರ ದುಃಖದ ಭಾಗ. ಆದರೆ ಬಸ್ಸಿನಲ್ಲಿಯೂ ಹೋಟೆಲಿನಲ್ಲಿಯೂ ಕೂತು ಮಾತಾಡುವ ನಾವು, ಗ್ರಹಚಾರವೆನ್ನುವ ಮೊದಲು, ಇಲಾಖೆಯನ್ನು ಬಯ್ಯುವ ಮೊದಲು, ಆ ಮರವನ್ನು ಯಾರಾದರೂ ನೋಡಿದ್ದರೇ ಎಂದು ಕೇಳಬಹುದು. ನಾವೇ ದಿನವೂ ಅದರ ಅಡಿಯಲ್ಲಿ ನಿಂತವರಾಗಿದ್ದರೆ, ಒಮ್ಮೆಯಾದರೂ ತಲೆಯೆತ್ತಿ ನೋಡಿದ್ದೆವೇ ಎಂದೂ ಕೇಳಿಕೊಳ್ಳಬಹುದು.